ಡ್ರೋನನ್ನು ಬೆಳೆ ಮೇಲಲ್ಲ, ಬದುವಿನ ಮೇಲೆ ಹಾರಿಸಿ

"ಡ್ರೋನ್ ಹಾರಿಸಿ ನಿಮ್ಮ ಹೊಲದಲ್ಲಿ ಎಲ್ಲೆಲ್ಲಿ ಕಳೆ ಇದೆ ಅಂತ ತೋರಿಸಿ ಕೊಡ್ತೀವಿ, ಎಕರೆಗೆ ಇಷ್ಟು." ಹೀಗೆ ಹೇಳಿಕೊಂಡು ಈಗ ನಮ್ಮ ಶಿರಾ, ಮಧುಗಿರಿ ಕಡೆಯ ಹಳ್ಳಿಗಳಿಗೂ ಜನ ಬರುತ್ತಿದ್ದಾರೆ. ದುಡ್ಡು ಕೊಟ್ಟ ಮೇಲೆ ಕೈಗೆ ಸಿಗುವುದು ಒಂದು ಬಣ್ಣದ ನಕ್ಷೆ. ಹಸಿರು, ಹಳದಿ, ಕೆಂಪು. ನೋಡೋಕೆ ಚೆನ್ನಾಗಿರುತ್ತದೆ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಿಕೊಳ್ಳಬಹುದು. ಆದರೆ ಇದರಲ್ಲಿ ರಾಗಿ ಯಾವುದು, ಕಳೆ ಯಾವುದು ಅಂತ ಕೇಳಿ ನೋಡಿ. ಮಾತು ಬೇರೆ ಕಡೆ ಹೋಗುತ್ತದೆ.

ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರ ಸಾಫ್ಟ್‌ವೇರ್‌ನಲ್ಲಿ ಇರುವ ಬಟನ್ ಅದೊಂದೇ, ಅದನ್ನು ಒತ್ತುತ್ತಾರೆ. ನಕ್ಷೆ ಮಾಡುವುದೇ ನನ್ನ ಕೆಲಸ. ಉಪಗ್ರಹದ್ದು, ಡ್ರೋನಿನದ್ದು ಎಲ್ಲ ಚಿತ್ರ ದಿನಾ ನೋಡುತ್ತೇನೆ. ಊರಿಗೆ ಹೋದಾಗ ಚಿಕ್ಕಪ್ಪನ ಹೊಲದ ಸುತ್ತ ಸಣ್ಣ ಡ್ರೋನ್ ಹಾರಿಸಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಹುಡುಕುವ ಹುಚ್ಚು ಕೆಲವು ಮುಂಗಾರಿನಿಂದ ಹತ್ತಿದೆ. ಇಷ್ಟು ದಿನದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ ಮಾತು: ಆಕಾಶದಿಂದ ಕಳೆ ಹುಡುಕುವುದಾದರೆ ಬೆಳೆಯ ಮೇಲೆ ಹಾರಿಸಿ ಅಂಥ ಪ್ರಯೋಜನ ಇಲ್ಲ. ಬದು, ದಾರಿ ಪಕ್ಕ, ಯಾರೋ ಕೊಂಡು ಬೀಳು ಬಿಟ್ಟ ಸೈಟು, ಇವುಗಳ ಮೇಲೆ ಹಾರಿಸಬೇಕು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಬಣ್ಣದ ನಕ್ಷೆಯ ವಿಷಯ. ಅದರ ಹೆಸರು ಎನ್‌ಡಿವಿಐ. ಹಸಿರೆಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಹೆಚ್ಚು ಕಡಿಮೆ ಪೂರ್ತಿ ಹೀರಿಕೊಳ್ಳುತ್ತದೆ. ಕೆಂಪಿನ ಆಚೆಗೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ಬೇಡ ಅಂತ ವಾಪಸ್ ಕಳಿಸಿಬಿಡುತ್ತದೆ. ಕ್ಯಾಮೆರಾ ಈ ಎರಡನ್ನೂ ಅಳೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ, ಅದೇ ಎನ್‌ಡಿವಿಐ. ಬರಿ ಮಣ್ಣಿಗೆ ಅದು ಸೊನ್ನೆಗೆ ಹತ್ತಿರ, ದಟ್ಟವಾಗಿ ಬೆಳೆದ ಪೈರಿಗೆ 0.8ರ ಆಸುಪಾಸು. ಹಸಿರು ಎಷ್ಟಿದೆ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಪಾರ್ಥೇನಿಯಂ ಎಲೆಯೂ ಹಸಿರು, ರಾಗಿ ಗರಿಯೂ ಹಸಿರು, ಇಬ್ಬರೂ ಕೆಂಪನ್ನು ಹೀರುತ್ತಾರೆ, ಇಬ್ಬರೂ ಇನ್‌ಫ್ರಾರೆಡ್ ಚೆಲ್ಲುತ್ತಾರೆ. ಗೊಬ್ಬರ ಜಾಸ್ತಿ ಬಿದ್ದ ಮೂಲೆಯಲ್ಲಿ ರಾಗಿ ಹುಲುಸಾಗಿ ಬಂದಿದ್ದರೂ ನಕ್ಷೆಯಲ್ಲಿ ಕಡು ಹಸಿರು, ಅಲ್ಲಿ ಕಳೆ ತುಂಬಿಕೊಂಡಿದ್ದರೂ ಕಡು ಹಸಿರು. ಆ ನಕ್ಷೆ ನೋಡಿ ಯೂರಿಯಾ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿದರೆ ಕಳೆಗೇ ಯೂರಿಯಾ ಹಾಕಿದ ಹಾಗಾಗಬಹುದು, ಅಲ್ವಾ?

ಹಾಗಾದರೆ ಯಾವ ಹಸಿರು ಯಾವುದು ಅಂತ ಹೇಳುವ ಕ್ಯಾಮೆರಾ ಇಲ್ಲವೇ ಇಲ್ಲವಾ? ಇದೆ. 2015ರ ಕೊನೆಯಿಂದ 2016ರ ಬೇಸಿಗೆವರೆಗೆ ಇಸ್ರೋ ಮತ್ತು ನಾಸಾ ಸೇರಿ ಅವಿರಿಸ್-ಎನ್‌ಜಿ ಎಂಬ ಉಪಕರಣವನ್ನು ವಿಮಾನದಲ್ಲಿ ಕಟ್ಟಿಕೊಂಡು ದೇಶದ 57 ಜಾಗಗಳ ಮೇಲೆ ಹಾರಿಸಿದ್ದವು. ಅದು ಬೆಳಕನ್ನು ನಾಲ್ಕೈದು ಅಲ್ಲ, ನಾನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಸೀಳಿ ನೋಡುತ್ತದೆ. ಎಲೆಯೊಳಗಿನ ನೀರು, ಎಲೆಯ ಬಣ್ಣದ ಸಣ್ಣ ಸಣ್ಣ ವ್ಯತ್ಯಾಸ ಎಲ್ಲ ಅದಕ್ಕೆ ಸಿಗುತ್ತದೆ. ಅಮೆರಿಕದ ಉತ್ತರ ಡಕೋಟಾದಲ್ಲಿ ಲೀಫಿ ಸ್ಪರ್ಜ್ ಎಂಬ ಕಳೆಯನ್ನು ಇದರ ಹಿಂದಿನ ಪೀಳಿಗೆಯ ಉಪಕರಣದಿಂದಲೇ ಗುರುತಿಸಿದ್ದರು. ಸರಿ, ಆದರೆ ನಮ್ಮ ಮೂರೆಕರೆಗೆ ಇಸ್ರೋ ವಿಮಾನ ಬರುವುದಿಲ್ಲ. ಇರುವುದರಲ್ಲಿ ಮಾತಾಡೋಣ.

ಪುಕ್ಕಟೆ ಸಿಗುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ. ಐದು ದಿನಕ್ಕೊಮ್ಮೆ ನಮ್ಮ ತಲೆ ಮೇಲೆ ಹಾದು ಹೋಗುತ್ತದೆ. ಅದರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್. ಹೆಚ್ಚು ಕಡಿಮೆ ಒಂದು ಪಿಕ್ಸೆಲ್ ಎಂದರೆ ಒಂದು ಗುಂಟೆ! ಯಾರಿಗಾದರೂ ಉಪಗ್ರಹ ಚಿತ್ರ ವಿವರಿಸುವಾಗ ನಾನು ಇದನ್ನೇ ಹೇಳುತ್ತೇನೆ, ತಕ್ಷಣ ಅರ್ಥವಾಗುತ್ತದೆ. ಎಕರೆಗೆ ನಲವತ್ತು ಚುಕ್ಕಿ. ಒಂದು ಗುಂಟೆಯೊಳಗೆ ಏನೇನಿದೆಯೋ ಅಷ್ಟೂ ಕಲಸಿ ಒಂದೇ ಬಣ್ಣ. ಎರಡು ಮೊಳ ಅಗಲದ ಬದು ಅದರಲ್ಲಿ ಎಲ್ಲಿ ಕಾಣಬೇಕು? ಮುಂಗಾರಿನಲ್ಲಂತೂ ಐದು ದಿನಕ್ಕೊಮ್ಮೆ ಬಂದರೂ ಅದು ನೋಡುವುದು ಮೋಡವನ್ನು.

ಡ್ರೋನ್ ಬೇರೆ. ಮೋಡದ ಕೆಳಗೇ ಹಾರುತ್ತದೆ. 20 ಮೆಗಾಪಿಕ್ಸೆಲ್‌ನ ಒಳ್ಳೆಯ ಮಾಮೂಲಿ ಕ್ಯಾಮೆರಾ ಇದ್ದರೆ 30 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ಒಂದು ಸೆಂಟಿಮೀಟರ್‌ಗೂ ಸ್ವಲ್ಪ ಕಡಿಮೆ. 120 ಮೀಟರ್‌ಗೆ, ಅಂದರೆ 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ ಅನುಮತಿ ಕೇಳದೆ ಹಾರಬಹುದಾದ ಗರಿಷ್ಠ ಎತ್ತರಕ್ಕೆ ಏರಿಸಿದರೆ, ಮೂರು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಎತ್ತರ ಏರಿದಷ್ಟೂ ಜಾಗ ಹೆಚ್ಚು ಸಿಗುತ್ತದೆ, ವಿವರ ಕಡಿಮೆಯಾಗುತ್ತದೆ. ಬಾಡಿಗೆಗೆ ಹಾರಿಸುವವರು ಬ್ಯಾಟರಿ ಉಳಿಸೋಕೆ ಎತ್ತರದಲ್ಲೇ ಹಾರಿಸುತ್ತಾರೆ, ಅದು ಸಹಜ. ನೀವು ಹಾರಿಸಲು ಹೇಳುವಾಗ ಮೊದಲು ಕೇಳಬೇಕಾದ್ದು ಇದನ್ನೇ: ಎಷ್ಟು ಎತ್ತರ, ಒಂದು ಪಿಕ್ಸೆಲ್ ಎಷ್ಟು ಸೆಂಟಿಮೀಟರ್.

ಈಗ ಪಾರ್ಥೇನಿಯಂ ಕಡೆ ಬರೋಣ. ಕಾಂಗ್ರೆಸ್ ಗಿಡ ಅಂದರೆ ಎಲ್ಲರಿಗೂ ಗೊತ್ತು. ಅಮೆರಿಕದ ಉಷ್ಣ ಪ್ರದೇಶದ ಗಿಡ, 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಅಲ್ಲಿಂದ ದೇಶವನ್ನೇ ಸುತ್ತಿತು. ಆಮದು ಗೋಧಿಯ ಜೊತೆ ಬಂತು ಅನ್ನುವುದು ಎಲ್ಲರ ಬಾಯಲ್ಲಿರುವ ಕತೆ. ಅದಕ್ಕೂ ಮೊದಲೇ ಇಲ್ಲಿತ್ತು ಅನ್ನುವವರೂ ಇದ್ದಾರೆ. ಮುಟ್ಟಿದರೆ ತುರಿಕೆ, ಪರಾಗ ಗಾಳಿಯಲ್ಲಿ ಬಂದರೆ ಸೀನು, ಕೆಲವರಿಗೆ ಉಬ್ಬಸ. ಹಸು ತಿಂದರೆ ಹಾಲು ಕಹಿ. ಒಂದು ದೊಡ್ಡ ಗಿಡ 15,000ದಿಂದ 25,000ದವರೆಗೂ ಬೀಜ ಉದುರಿಸುತ್ತದೆ. ಮೊಳೆತ ನಾಲ್ಕೈದು ವಾರಕ್ಕೆಲ್ಲ ಹೂವಿಗೆ ಬರುತ್ತದೆ. ಮಣ್ಣಿನಡಿ ಸೇರಿದ ಬೀಜ ವರ್ಷಗಟ್ಟಲೆ ಕಾಯುತ್ತದೆ. ನಮ್ಮ ರಾಜ್ಯದಲ್ಲಿ 1975ರಷ್ಟು ಹಿಂದೆಯೇ ಇದನ್ನು ಕಾನೂನಿನಡಿ ಪೀಡೆ ಕಳೆ ಅಂತ ಘೋಷಿಸಿದ್ದಾರೆ. ಘೋಷಿಸಿದ ಮೇಲೆ ಗಿಡ ಏನೂ ಹೆದರಿದ ಹಾಗೆ ಕಾಣುವುದಿಲ್ಲ.

30 ಮೀಟರ್ ಮೇಲಿಂದ ಇದು ಹೇಗೆ ಕಾಣುತ್ತದೆ? ಒಂದು ಚಿತ್ರ ತೆಗೆದು ಪೂರ್ತಿ ದೊಡ್ಡದು ಮಾಡಿ ಹೇಳುತ್ತೇನೆ. ಜೂನ್ ಕೊನೆ, ಎರಡು ಹದ ಮಳೆ ಬಿದ್ದಿದೆ, ಹೊಲ ಉತ್ತು ಬಿಟ್ಟಿದ್ದಾರೆ. ಕೆಂಪು ಮಣ್ಣು, ಅದರ ನಡುವೆ ಓರೆಯಾಗಿ ಒಂದು ಬದು. ಬದುವಿನ ಮೇಲೆ ಹಸಿರಿನ ಉಂಡೆ ಉಂಡೆ ಚುಕ್ಕಿಗಳು. ಒಂದೊಂದು ಚುಕ್ಕಿ ಅಡ್ಡಕ್ಕೆ ಇಪ್ಪತ್ತು ಇಪ್ಪತ್ತೈದು ಪಿಕ್ಸೆಲ್, ಅಂದರೆ ಗೇಣು ಅಗಲ. ಪಾರ್ಥೇನಿಯಂ ಎಳೆಯದಿದ್ದಾಗ ಮೇಲಕ್ಕೆ ಬೆಳೆಯುವುದಿಲ್ಲ, ಎಲೆಗಳನ್ನು ಸುತ್ತಲೂ ನೆಲಕ್ಕೆ ಅಂಟಿಸಿ ಹರಡಿಕೊಂಡಿರುತ್ತದೆ. ಎಲೆ ಸೀಳು ಸೀಳಾಗಿ ಕ್ಯಾರೆಟ್ ಸೊಪ್ಪಿನ ಹಾಗೆ ಇರುವುದರಿಂದ ಚುಕ್ಕಿಯ ಅಂಚು ಕತ್ತರಿಸಿದ ಹಾಗೆ ಇರುವುದಿಲ್ಲ, ಮಸುಕಾಗಿರುತ್ತದೆ, ಸಂದಿಗಳಲ್ಲಿ ಕೆಂಪು ಮಣ್ಣು ಇಣುಕುತ್ತದೆ. ಪಕ್ಕದಲ್ಲೇ ಗರಿಕೆ ಇದೆ, ಅದು ಚಾಪೆ ಹಾಸಿದ ರೀತಿ ಒಂದೇ ಸಮ. ಉತ್ತರಾಣಿ ಇದ್ದರೆ ಎಲೆ ಅಗಲ, ಬಣ್ಣ ಇನ್ನೂ ಗಾಢ. ಪಾರ್ಥೇನಿಯಂ ಹಸಿರಿಗೆ ಸ್ವಲ್ಪ ಬೂದಿ ಬೆರೆತಿರುತ್ತದೆ, ಎಲೆ ಮೇಲಿನ ಸಣ್ಣ ರೋಮದಿಂದ ಅಂತ ಕಾಣುತ್ತದೆ. ಇಷ್ಟು ನೋಡೋಕೆ ಇನ್‌ಫ್ರಾರೆಡ್ ಕ್ಯಾಮೆರಾ ಬೇಕಾಗಿಲ್ಲ. ಮದುವೆ ವಿಡಿಯೋಗೆ ಹಾರಿಸುವ ಡ್ರೋನ್ ಸಾಕು.

ಕಂಪ್ಯೂಟರ್‌ಗೆ ಹುಡುಕೋಕೆ ಹೇಳುವುದಾದರೂ ಸುಲಭದ ಲೆಕ್ಕ ಇದೆ. ಪ್ರತಿ ಪಿಕ್ಸೆಲ್‌ನ ಹಸಿರಿನ ಎರಡು ಪಟ್ಟಿನಿಂದ ಕೆಂಪನ್ನೂ ನೀಲಿಯನ್ನೂ ಕಳೆಯಿರಿ. ಸಂಖ್ಯೆ ದೊಡ್ಡದು ಬಂದರೆ ಗಿಡ, ಚಿಕ್ಕದು ಬಂದರೆ ಮಣ್ಣು. ಕ್ಯೂಜಿಐಎಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ಕೆಂಪು ಮಣ್ಣಿನ ಮೇಲೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬಿತ್ತನೆಗೆ ಮೊದಲು ಹಾರಿಸಿದರೆ ಹೊಲದಲ್ಲಿ ಹಸಿರಿರುವುದೆಲ್ಲ ಕಳೆಯೇ, ಅದರಲ್ಲಿ ವಾದವೇ ಇಲ್ಲ. ಎಲ್ಲಕ್ಕಿಂತ ಸುಲಭದ ನಕ್ಷೆ ಅದು. ಆದರೆ ಅದನ್ನು ಇಟ್ಟುಕೊಂಡು ಏನು ಮಾಡೋದು? ಹೇಗೂ ಉಳುತ್ತಾರೆ, ಕುಂಟೆ ಹೊಡೆಯುತ್ತಾರೆ, ಎಲ್ಲ ಹೋಗುತ್ತದೆ.

ಕಷ್ಟ ಶುರುವಾಗುವುದು ಬೆಳೆ ಮೇಲೆ ಬಂದ ಮೇಲೆ. ಇದಕ್ಕೆ ಸ್ಪೇನಿನ ಕೊರ್ಡೊಬಾದ ಸಂಶೋಧಕರು ಒಂದು ಜಾಣ ಉಪಾಯ ಮಾಡಿದರು, 2013ರಲ್ಲಿ ಪ್ರಕಟವಾಗಿದೆ. ಮ್ಯಾಡ್ರಿಡ್ ಹತ್ತಿರದ ಮೆಕ್ಕೆಜೋಳದ ಹೊಲ, ಪೈರು ಇನ್ನೂ ನಾಲ್ಕರಿಂದ ಆರು ಎಲೆ. 30 ಮೀಟರ್ ಎತ್ತರದಿಂದ ಚಿತ್ರ ತೆಗೆದರು. ಎಲೆಯ ಬಣ್ಣದಿಂದ ಜೋಳ ಯಾವುದು, ಕಳೆ ಯಾವುದು ಅಂತ ಹೇಳುವ ಗೋಜಿಗೇ ಹೋಗಲಿಲ್ಲ. ಮೊದಲು ಸಾಲು ಹುಡುಕಿದರು. ಸಾಲಿನ ಮೇಲಿರುವ ಹಸಿರು ಬೆಳೆ, ಸಾಲಿನ ಮಧ್ಯೆ ಇರುವ ಹಸಿರು ಕಳೆ. ಮುಗಿಯಿತು. ನಮ್ಮ ಎಡೆಕುಂಟೆಯೂ ಅದೇ ಲೆಕ್ಕದಲ್ಲೇ ಹೋಗುವುದು. ಎತ್ತಿಗೂ ಕುಂಟೆಗೂ ಗಿಡದ ಹೆಸರು ಗೊತ್ತಿಲ್ಲ.

ಇದು ಮೆಕ್ಕೆಜೋಳಕ್ಕೆ, ಸೂರ್ಯಕಾಂತಿಗೆ, ಹತ್ತಿಗೆ ಆಗುತ್ತದೆ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದವರು ಮಾಡಿ ನೋಡಬಹುದು. ರಾಗಿಗೆ? ಕೂರಿಗೆಯಲ್ಲಿ ಬಿತ್ತಿದರೆ ಸಾಲು ಸಿಗುತ್ತದೆ, ಆದರೆ ಸಾಲಿಂದ ಸಾಲಿಗೆ ಒಂದಡಿ ಅಷ್ಟೇ, ತಿಂಗಳಾಗುವಷ್ಟರಲ್ಲಿ ಗರಿ ಗರಿ ಸೇರಿ ಎಲ್ಲ ಮುಚ್ಚಿಕೊಳ್ಳುತ್ತದೆ. ಚೆಲ್ಲಿ ಬಿತ್ತಿದವರ ಹೊಲದಲ್ಲಿ ಸಾಲೇ ಇಲ್ಲ. ಇನ್ನು ಕಾಡುರಾಗಿ ಸಾಲಿನೊಳಗೇ ಎದ್ದರೆ ತೆನೆ ಬರುವವರೆಗೆ ಹೊಲದಲ್ಲಿ ಕೂತು ಕಳೆ ಕೀಳುವವರಿಗೇ ಗೊತ್ತಾಗುವುದು ಕಷ್ಟ. ಡ್ರೋನ್ ಪಾಪ ಏನು ಮಾಡೀತು.

ಇದೆಲ್ಲಕ್ಕಿಂತ ದೊಡ್ಡ ಸಮಸ್ಯೆ ಅಕ್ಕಡಿ ಸಾಲು. ನಮ್ಮ ಕಡೆ ಯಾರೂ ಬರಿ ರಾಗಿ ಹಾಕುವುದಿಲ್ಲ. ನಡುನಡುವೆ ತೊಗರಿ, ಅವರೆ, ಸಾಸಿವೆ, ಹುಚ್ಚೆಳ್ಳು ಇರಲೇಬೇಕು. ಒಂದು ಸಲ ಊರಿನ ಒಂದು ಹೊಲದ ಚಿತ್ರವನ್ನು ರೆಡಿಮೇಡ್ ಕಳೆ ಹುಡುಕುವ ಸಾಫ್ಟ್‌ವೇರ್‌ಗೆ ಕೊಟ್ಟೆ, ಏನು ಹೇಳುತ್ತದೆ ನೋಡೋಣ ಅಂತ. ಹೊಲದ ತುಂಬ ಉದ್ದುದ್ದ ಕೆಂಪು ಗೆರೆ ಎಳೆದು ಕೊಟ್ಟಿತು. ಚಿಕ್ಕಪ್ಪ ಲ್ಯಾಪ್‌ಟಾಪ್‌ನಲ್ಲಿ ಬಗ್ಗಿ ನೋಡಿ, "ಕಳೆ ಅಂತ ಕೆಂಪು ಬಳ್ದೈತಲ್ಲ ನಿನ್ ಮಿಷನ್ನು, ಅದು ಹುಚ್ಚೆಳ್ ಸಾಲು ಕಣಪ್ಪ" ಅಂದರು. ಒಂದು ಹೊಲದಲ್ಲಿ ಒಂದೇ ಬೆಳೆ ಇರುತ್ತದೆ ಅಂದುಕೊಂಡಿರುವವರು ಬರೆದ ಪ್ರೋಗ್ರಾಂ ಅದು. ಅದರ ಕಣ್ಣಿಗೆ ರಾಗಿ ಅಲ್ಲದ್ದೆಲ್ಲ ಕಳೆ. ಇದನ್ನು ತಿದ್ದಬಹುದು, ನಮ್ಮ ಹೊಲಗಳ ಚಿತ್ರ ಕೊಟ್ಟು ಮತ್ತೆ ಕಲಿಸಿದರೆ ಕಲಿಯುತ್ತದೆ. ಕಲಿಸುವವರು ಬೇಕು ಅಷ್ಟೇ.

ಚಿಕ್ಕಮ್ಮನ ತಕರಾರು ಇನ್ನೊಂದು ಥರ. "ಅಣ್ಣೆ ಸೊಪ್ಪು, ಗಣಿಕೆ ಸೊಪ್ಪೆಲ್ಲ ಕಳೆ ಅಂತ ಔಷ್ದಿ ಹೊಡೆದ್ರೆ ಬೆರಕೆ ಸೊಪ್ಪಿನ ಸಾರಿಗೆ ಏನ್ ಹಾಕ್ಲಿ?" ಪುಸ್ತಕದ ಪಟ್ಟಿಯಲ್ಲಿ ಅಣ್ಣೆ ಸೊಪ್ಪು ಖಂಡಿತ ಕಳೆಯೇ. ನಮ್ಮ ಮನೆಯ ಅಡುಗೆ ಮನೆಯಲ್ಲಿ ಅಲ್ಲ. ಹೊಲದ ಮೇಲೆ ಹಾರಿಸಿ, ಹಸಿರು ಕಂಡಲ್ಲೆಲ್ಲ ಸಿಂಪಡಿಸುವ ಯಂತ್ರಕ್ಕೆ ನಕ್ಷೆ ಕೊಡುವುದು ಅಂದರೆ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಈಗ ಹಳ್ಳಿಗಳಲ್ಲಿ ಕಾಣುವ ದೊಡ್ಡ ಡ್ರೋನ್‌ಗಳು, ಕೇಂದ್ರದ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಡುತ್ತಿರುವವೂ ಸೇರಿ, ಗೊಬ್ಬರ, ಔಷಧಿ ಸಿಂಪಡಿಸುವಂಥವು. ಅವು ಹಾಕುವ ಡ್ರೋನ್‌ಗಳು, ನೋಡುವ ಡ್ರೋನ್‌ಗಳಲ್ಲ. ಎರಡನ್ನೂ ಒಂದೇ ಅಂದುಕೊಳ್ಳುವವರು ತುಂಬ ಇದ್ದಾರೆ.

ಇಷ್ಟೆಲ್ಲ ಹೇಳಿದ್ದು ಬೆಳೆ ಒಳಗಿನ ಕಳೆ ಬಗ್ಗೆ. ಈಗ ಒಂದು ಕ್ಷಣ ಯೋಚನೆ ಮಾಡಿ, ಪಾರ್ಥೇನಿಯಂ ಹೊಲದೊಳಗೆ ಬರುವುದು ಎಲ್ಲಿಂದ? ಹೊಲದಲ್ಲಿ ಅದಕ್ಕೆ ನೆಮ್ಮದಿ ಇಲ್ಲ. ಉಳುತ್ತೀವಿ, ಕುಂಟೆ ಹೊಡೆಯುತ್ತೀವಿ, ಕೀಳುತ್ತೀವಿ. ಬದುವಿನ ಮೇಲೆ ಯಾರೂ ಮುಟ್ಟುವುದಿಲ್ಲ. ರಸ್ತೆ ಪಕ್ಕದ ಚರಂಡಿ, ಕಾಲುವೆ ಏರಿ, ತಿಪ್ಪೆ, ಬೋರ್‌ವೆಲ್ ಸುತ್ತಿನ ಹಸಿ ಜಾಗ, ಇವೆಲ್ಲ ಅದರ ತವರು. ಬೀಜ ಬಹಳ ಹಗುರ. ಮಳೆ ನೀರಿನಲ್ಲಿ ತೇಲುತ್ತದೆ, ಟ್ರ್ಯಾಕ್ಟರ್ ಚಕ್ರದ ಕೆಸರಿಗೆ ಅಂಟಿಕೊಳ್ಳುತ್ತದೆ, ಜೆಸಿಬಿ ಬಕೆಟ್‌ನಲ್ಲಿ, ಮರಳಿನ ಲೋಡಿನಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಊರೂರು ತಿರುಗುತ್ತದೆ. ಹೆದ್ದಾರಿ ಪಕ್ಕ ಹತ್ತು ವರ್ಷದ ಹಿಂದೆ ಲೇಔಟ್ ಮಾಡಿ, ಕಲ್ಲು ನೆಟ್ಟು, ಮಾರಿ ಹೋದ ಸೈಟುಗಳಿವೆಯಲ್ಲ, ಕೊಂಡವರು ಬೆಂಗಳೂರಿನಲ್ಲಿ, ಸೈಟಿನ ತುಂಬ ಎದೆಯುದ್ದ ಪಾರ್ಥೇನಿಯಂ. ಪಕ್ಕದ ಹೊಲದವನು ಪ್ರತಿ ವರ್ಷ ಕಿತ್ತರೂ ಪ್ರತಿ ವರ್ಷ ಬರುತ್ತದೆ.

ಆದರೆ ಬಾಡಿಗೆ ಡ್ರೋನ್‌ನವರು ಎಲ್ಲಿ ಹಾರಿಸುತ್ತಾರೆ? ಪಹಣಿಯಲ್ಲಿರುವ ಸರ್ವೆ ನಂಬರಿನ ಗಡಿ ಹಾಕಿಕೊಂಡು ಅದರೊಳಗೆ ಮಾತ್ರ. ಗಡಿ ಮುಗಿಯುವಲ್ಲಿ ಚಿತ್ರವೂ ಮುಗಿಯಿತು. ದುಡ್ಡು ಕೊಟ್ಟವನ ಹೊಲ ತಾನೇ! ಬದುವಿನ ಆ ಕಡೆ ಮಗ್ಗಲು, ದಾರಿ, ಯಾರದ್ದೂ ಅಲ್ಲದ ಜಾಗ, ಇದ್ಯಾವುದೂ ನಕ್ಷೆಯಲ್ಲಿ ಇರುವುದಿಲ್ಲ. ಬೇಕಾದ ಜಾಗ ಬಿಟ್ಟು ಬೇಡದ ಜಾಗವನ್ನು ಅತಿ ಚೆನ್ನಾಗಿ ತೋರಿಸುವ ನಕ್ಷೆ ಅದು.

ಬದುವಿನ ಮೇಲೆ ಹಾರಿಸುವುದು ಅಗ್ಗವೂ ಹೌದು. 30 ಮೀಟರ್ ಎತ್ತರದಲ್ಲಿ ಒಂದು ಚಿತ್ರ ಸುಮಾರು 45 ಮೀಟರ್ ಅಗಲದ ನೆಲ ಹಿಡಿಯುತ್ತದೆ. ಹೊಲ ಪೂರ್ತಿ ಮುಚ್ಚಬೇಕೆಂದರೆ ಹಿಂದೆ ಮುಂದೆ ಸಾಲು ಸಾಲು ಹಾರಬೇಕು, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರ ಮೇಲೆ ಬೀಳಬೇಕು, ಆಗ ಮಾತ್ರ ಎಲ್ಲ ಚಿತ್ರ ಸೇರಿಸಿ ಒಂದೇ ನಕ್ಷೆಯಾಗಿ ಹೊಲಿಯೋಕೆ ಆಗುತ್ತದೆ. ಒಂದು ಬ್ಯಾಟರಿಗೆ ಹತ್ತು ಎಕರೆ ಆದರೆ ದೊಡ್ಡದು. ಬದು ಎಂದರೆ ಒಂದು ಗೆರೆ. ಅದರ ಮೇಲೆ ನೇರ ಹಾರಿಕೊಂಡು ಹೋದರೆ ಎರಡು ಮಗ್ಗಲೂ ಸಿಕ್ಕವು. ಹೊಲಿಯುವ ಕೆಲಸವೂ ಬೇಕಿಲ್ಲ. ಪ್ರತಿ ಚಿತ್ರದೊಳಗೂ ಅದು ಎಲ್ಲಿ ತೆಗೆದದ್ದು ಅನ್ನುವ ಜಿಪಿಎಸ್ ಗುರುತು ಇರುತ್ತದೆ. ಸುಮ್ನೆ ಒಂದೊಂದೇ ಚಿತ್ರ ತೆರೆದು ನೋಡುತ್ತಾ, ಪಾರ್ಥೇನಿಯಂ ಕಂಡ ಚಿತ್ರಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ, ಅವುಗಳ ಗುರುತನ್ನು ಮ್ಯಾಪ್ ಮೇಲೆ ಚುಕ್ಕಿ ಇಟ್ಟರೆ ಸಾಕು. ಯಂತ್ರ ಕಲಿಕೆ, ಕೃತಕ ಬುದ್ಧಿಮತ್ತೆ ಯಾವುದೂ ಬೇಡ, ಒಂದು ಸಂಜೆ ಮತ್ತು ಒಂದು ಲೋಟ ಟೀ ಸಾಕು. ಗಡಿ ತಿಳಿಯೋಕೆ ದಿಶಾಂಕ್ ಆ್ಯಪ್ ಇದೆ, ನಮ್ಮ ರಾಜ್ಯದ ದೂರ ಸಂವೇದಿ ಕೇಂದ್ರವೇ ಮಾಡಿದ್ದು. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಯಾರ ಬದುವಿನಲ್ಲಿದೆ ಅಂತ ಹೇಳುವಾಗ ಇದು ಕೈಯಲ್ಲಿರುವುದು ಒಳ್ಳೆಯದು. ಇಲ್ಲದಿದ್ದರೆ ಕಳೆ ಜಗಳ ಬದು ಜಗಳಕ್ಕೆ ತಿರುಗಿಕೊಳ್ಳುತ್ತದೆ, ಅದು ಮೂರು ತಲೆಮಾರಿನದ್ದು.

ಯಾವಾಗ ಹಾರಿಸಬೇಕು ಅನ್ನುವುದು ಕ್ಯಾಮೆರಾಗಿಂತ ಮುಖ್ಯ. ಹೂ ಬಿಟ್ಟಾಗ ಗುರುತಿಸುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಆಸ್ಟ್ರೇಲಿಯಾದ ಕೊಸಿಯಸ್ಕೊ ಪರ್ವತದ ಕಾಡಿನಲ್ಲಿ ಹಾಕ್‌ವೀಡ್ ಎಂಬ ಕಳೆ ಇದೆ, ಅದರ ಕಿತ್ತಳೆ ಹೂವನ್ನು ಅಲ್ಲಿಯವರು ಡ್ರೋನ್‌ನಿಂದ ಹುಡುಕುತ್ತಾರೆ. ಮೂಸಿ ಹುಡುಕುವ ನಾಯಿಗಳನ್ನೂ ಬಿಡುತ್ತಾರೆ. ಹಸಿರು ಹುಲ್ಲಿನಲ್ಲಿ ಕಿತ್ತಳೆ ಹೂ ಎದ್ದು ಕಾಣುತ್ತದೆ, ಸರಿ. ನಮ್ಮ ಪಾರ್ಥೇನಿಯಂ ಹೂ ಬೆಳ್ಳಗೆ, ನಾಲ್ಕೈದು ಮಿಲಿಮೀಟರ್ ಅಷ್ಟೇ. ಒಂದು ಪಿಕ್ಸೆಲ್‌ನ ಅರ್ಧ. ಒಂದೊಂದು ಹೂ ಕಾಣುವುದಿಲ್ಲ, ಗಿಡದ ತುದಿಗೆ ಹಿಟ್ಟು ಉದುರಿಸಿದ ಹಾಗೆ ಮಬ್ಬು ಬಿಳುಪು ಕಾಣುತ್ತದೆ. ತುಂಬೆ ಹೂವೂ ಬಿಳಿ, ಬಿಸಿಲಿಗೆ ಹೊಳೆಯುವ ಸುಣ್ಣಕಲ್ಲೂ ಬಿಳಿ. ಅದಿರಲಿ, ಹೂ ಬಿಟ್ಟ ಮೇಲೆ ಗುರುತಿಸಿ ಲಾಭವೇನು? ಇನ್ನು ಕೆಲವೇ ದಿನಕ್ಕೆ ಬೀಜ. ಕೀಳಲು ಹೋದರೆ ಕೀಳುವವರ ಮೈಮೇಲೆಲ್ಲ ಪರಾಗ. ನಾನು ಹಾರಿಸುವುದು ಮೊದಲ ಹದ ಮಳೆ ಬಿದ್ದು ಮೂರು ವಾರಕ್ಕೆ. ಆಗ ಗಿಡ ಗೇಣಗಲ, ಹೂವಿಲ್ಲ, ಸುತ್ತಲಿನ ಹುಲ್ಲು ಇನ್ನೂ ಎತ್ತರಕ್ಕೆ ಬಂದಿಲ್ಲ, ನೆಲ ಹಸಿ ಇರುವುದರಿಂದ ಬೇರು ಸಮೇತ ಬರುತ್ತದೆ. ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ಮಾಡುತ್ತಾರೆ, ಒಳ್ಳೆಯದೇ, ಆದರೆ ನಮ್ಮ ಕಡೆ ಆ ಹೊತ್ತಿಗೆ ಮೊದಲ ಫಸಲಿನ ಬೀಜ ಉದುರಿ ಆಗಿರುತ್ತದೆ.

ಆ ಮೂರು ವಾರದ ಲೆಕ್ಕಕ್ಕೆ ಅಡ್ಡ ಬರುವುದು ಆಷಾಢದ ಗಾಳಿ. ಬೆಳಗ್ಗೆ ಒಂಬತ್ತು ಗಂಟೆಗೆ ಶುರುವಾದರೆ ಸಂಜೆವರೆಗೆ ಬೀಸುತ್ತದೆ. ಸಣ್ಣ ಡ್ರೋನ್ ಗಾಳಿಗೆ ಓಲಾಡಿ ಬ್ಯಾಟರಿ ಅರ್ಧದಲ್ಲೇ ಖಾಲಿ. ಅದಕ್ಕಿಂತ ತೊಂದರೆ ಎಂದರೆ ಕೆಳಗಿರುವ ಗಿಡಗಳೂ ಓಲಾಡುತ್ತವೆ, ಚಿತ್ರ ಕಲಸಿಕೊಳ್ಳುತ್ತದೆ. ಬೆಳಗ್ಗೆ ಬೇಗ ಹಾರಿಸಿದರೆ ಗಾಳಿ ಇಲ್ಲ, ಆದರೆ ಉದ್ದ ನೆರಳು, ಬದುವಿನ ಒಂದು ಮಗ್ಗಲು ಪೂರ್ತಿ ಕತ್ತಲು. ತೆಳು ಮೋಡ ಮುಸುಕಿದ ಬೆಳಗ್ಗೆ ಸಿಕ್ಕರೆ ಬಿಡಬೇಡಿ. ನೆರಳೂ ಇಲ್ಲ, ಗಾಳಿಯೂ ಕಡಿಮೆ. ಬಿಟ್ಟು ಬಿಟ್ಟು ಬಿಸಿಲು ಬರುವ ದಿನ ಮಾತ್ರ ಬೇಡ, ಒಂದು ಚಿತ್ರ ಬೆಳಕು, ಮುಂದಿನದು ಮಂಕು, ಬಣ್ಣ ನೋಡಿ ಏನೂ ಹೇಳೋಕೆ ಆಗುವುದಿಲ್ಲ.

ಕಂಪ್ಯೂಟರ್‌ನಲ್ಲಿ ಚುಕ್ಕಿ ಇಟ್ಟ ಮೇಲೆ ನಡೆದು ಹೋಗಿ ನೋಡಲೇಬೇಕು. ಇಲ್ಲಿ ಒಂದು ಕಿರಿಕಿರಿ ಇದೆ. ಚಿತ್ರದ ವಿವರ ಒಂದು ಸೆಂಟಿಮೀಟರ್, ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೆ ಈಚೆ. ಫೋನ್ ಹಿಡಿದು ಹೋದರೆ ಪಕ್ಕದ ಬದುವಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಬೇವಿನ ಮರದಿಂದ ಹತ್ತು ಹೆಜ್ಜೆ, ಮೋಟರ್ ಮನೆ ಹಿಂದೆ, ಹೀಗೆ ಗುರುತು ಬರೆದುಕೊಳ್ಳುವುದೇ ಸರಿ. ದೂರದ ಬಯಲಿನಲ್ಲಾದರೆ ಹಾರಿಸುವ ಮೊದಲು ಅಲ್ಲಲ್ಲಿ ಸುಣ್ಣದಲ್ಲಿ ದೊಡ್ಡ ಗುಣಾಕಾರ ಚಿಹ್ನೆ ಹಾಕಿ ಬಿಡಿ. ಮೇಲಿಂದ ಚೆನ್ನಾಗಿ ಕಾಣುತ್ತದೆ.

ನಕ್ಷೆಯಿಂದ ನಾನು ನಿರೀಕ್ಷೆ ಮಾಡದೇ ಇದ್ದ ಒಂದು ಉಪಯೋಗ ಸಿಕ್ಕಿತು. ಜುಲೈ, ಆಗಸ್ಟ್ ಚಿತ್ರಗಳಲ್ಲಿ ಕೆಲವು ಕಡೆ ಪಾರ್ಥೇನಿಯಂ ಗುಂಪು ಮಳೆಗಾಲದಲ್ಲೂ ಕಂದು ಬಣ್ಣ. ಹೋಗಿ ನೋಡಿದರೆ ಎಲೆ ಜರಡಿ, ಬರಿ ಕಡ್ಡಿ, ಕಡ್ಡಿಯ ಮೇಲೆ ಬೆಳ್ಳನೆ ಬೆನ್ನಿಗೆ ಕಂದು ಪಟ್ಟೆ ಇರುವ ಸಣ್ಣ ಜೀರುಂಡೆಗಳು. ಇದು ಮೆಕ್ಸಿಕೋದ ಹುಳು, ಜೈಗೋಗ್ರಾಮ. ಪಾರ್ಥೇನಿಯಂ ತಿನ್ನಲಿ ಅಂತಲೇ 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಹೊರಗೆ ಬಿಟ್ಟರು. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿದ್ದು ಮಳೆ ಬಿದ್ದಾಗ ಎದ್ದು ಬರುತ್ತದೆ. 1990ರ ದಶಕದ ಶುರುವಿನಲ್ಲಿ ಇದು ಸೂರ್ಯಕಾಂತಿ ಎಲೆ ತಿನ್ನುತ್ತಿದೆ ಅಂತ ದೊಡ್ಡ ಗಲಾಟೆ ಆಗಿತ್ತು. ಕೊನೆಗೆ ನೋಡಿದರೆ ಸೂರ್ಯಕಾಂತಿ ಎಲೆಯ ಮೇಲೆ ಗಾಳಿಗೆ ಬಂದು ಕೂತಿದ್ದ ಪಾರ್ಥೇನಿಯಂ ಪರಾಗ ಹುಳುವನ್ನು ಎಳೆಯುತ್ತಿತ್ತು. ಡ್ರೋನ್ ಚಿತ್ರದಲ್ಲಿ ಕಂದು ಗುಂಪು ಕಂಡರೆ ಆ ಜಾಗಕ್ಕೆ ಔಷಧಿ ಹೊಡೆಯಬೇಡಿ ಅಂತ ನಾನು ಹೇಳುತ್ತೇನೆ. ಹುಳು ಅಲ್ಲಿ ಪುಕ್ಕಟೆ ಕೆಲಸ ಮಾಡುತ್ತಿದೆ. ಆಗುವುದಾದರೆ ಒಂದು ಡಬ್ಬಿಯಲ್ಲಿ ಹಿಡಿದು ಪಕ್ಕದ ಲೇಔಟಿಗೆ ಬಿಡಿ.

ಕಳೆನಾಶಕದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗ್ಲೈಫೋಸೇಟ್ ಮೇಲೆ 2022ರಲ್ಲಿ ನಿರ್ಬಂಧ ಹಾಕಿ, ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಹೊಡೆಯಬೇಕು ಅಂತ ಆದೇಶ ಮಾಡಿದ್ದರು. ಉಪ್ಪು ನೀರು ಹೊಡೆಯಿರಿ ಅಂತ ಹೇಳುವವರು ಇದ್ದಾರೆ, ಗಿಡ ಸಾಯುತ್ತದೆ ನಿಜ, ಆದರೆ ಬದುವಿನ ಉಪ್ಪು ಮಳೆಗೆ ಹೊಲಕ್ಕೇ ಇಳಿಯುತ್ತದೆ. ಬದುವಿಗೆ ಕೈಗವಸು ಹಾಕಿ ಕೀಳುವುದೇ ವಾಸಿ. ಎಲ್ಲಿ ಕೀಳಬೇಕು ಅಂತ ಗೊತ್ತಿದ್ದರೆ ಅದು ಅಂದುಕೊಂಡಷ್ಟು ದೊಡ್ಡ ಕೆಲಸ ಅಲ್ಲ. ಊರಿನ ಒಂದು ಮಗ್ಗಲಿನ ಬದುಗಳ ನಕ್ಷೆ ಮಾಡಿದಾಗ ನನಗೆ ಕಂಡಿದ್ದು ಇದೇ: ಗಿಡ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ರಸ್ತೆಯಿಂದ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವ ಜಾಗ, ನೀರು ಹರಿದು ಬರುವ ಹಳ್ಳದ ತಿರುವು, ತಿಪ್ಪೆ ಪಕ್ಕ, ಇಲ್ಲೇ ಗುಂಪು ಗುಂಪು. ಮಿಕ್ಕ ಬದುಗಳಲ್ಲಿ ಚದುರಿದ ಹಾಗೆ ಒಂದೊಂದು. ಗುಂಪುಗಳನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಅರಳಿಕಟ್ಟೆ ಹತ್ತಿರದ ಹಾಲಿನ ಡೇರಿ ಗೋಡೆಗೆ ಅಂಟಿಸಿದೆವು. ಹಾಲು ಹಾಕಲು ಎಲ್ಲರೂ ಬರಲೇಬೇಕಲ್ಲ. ನಕ್ಷೆಯಲ್ಲಿ ತಮ್ಮ ಬದು ಕೆಂಪಾಗಿದ್ದವರು ಮೊದಲು ಸಿಟ್ಟಾದರು, ಆಮೇಲೆ ಕೆಲವರು ಕಿತ್ತರು. ಕೆಲವರು ಇನ್ನೂ ಸಿಟ್ಟಿನಲ್ಲೇ ಇದ್ದಾರೆ. ಲೇಔಟಿನ ಮಾಲೀಕರು ಮಾತ್ರ ಹಾಲು ಹಾಕಲು ಬರುವುದಿಲ್ಲ, ಅವರಿಗೆ ತೋರಿಸುವ ಗೋಡೆ ಯಾವುದು ಅಂತ ಇನ್ನೂ ಹೊಳೆದಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಉಪಗ್ರಹವನ್ನು ಮೇಲೆ ಸ್ವಲ್ಪ ತೆಗಳಿದೆ, ಆದರೆ ಅದಕ್ಕೂ ಒಂದು ಕಳೆ ಇದೆ. ಬಳ್ಳಾರಿ ಜಾಲಿ. ಅದು ಗೇಣಗಲದ ಗಿಡ ಅಲ್ಲ, ಕೆರೆಯಂಗಳ ಪೂರ್ತಿ ತುಂಬಿಕೊಳ್ಳುವ ಪೊದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲ ಒಣಗಿ, ಹುಲ್ಲು ಒಣಗಿ, ಕೆರೆ ಬತ್ತಿದಾಗಲೂ ಆಳಕ್ಕೆ ಬೇರು ಬಿಟ್ಟು ಹಸಿರಾಗಿ ನಿಂತಿರುತ್ತದೆ, ಮೋಡವೂ ಇರುವುದಿಲ್ಲ. ಒಂದು ಗುಂಟೆಯ ಪಿಕ್ಸೆಲ್ ಅದಕ್ಕೆ ಧಾರಾಳ ಸಾಕು. ಮಾವಿನ ತೋಟ, ಹುಣಸೆ ತೋಪು, ನೀಲಗಿರಿಯೂ ಆಗ ಹಸಿರೇ, ಆದರೆ ಅವು ಕೆರೆಯಂಗಳದ ಒಳಗೆ ಇರುವುದಿಲ್ಲವಲ್ಲ. ಕೆರೆಯ ಗಡಿ ಹಾಕಿಕೊಂಡು ಒಳಗಿನ ಹಸಿರು ಎಣಿಸಿದರೆ ಆಯಿತು. ನಮ್ಮೂರ ಕೆರೆಯ ಸೆಂಟಿನೆಲ್ ಚಿತ್ರ 2017ರಿಂದ ಈಚೆಗಿನ ಪ್ರತಿ ಬೇಸಿಗೆಯದ್ದೂ ಇಳಿಸಿಕೊಂಡಿದ್ದೇನೆ, ಜಾಲಿ ಯಾವ ಮೂಲೆಯಿಂದ ಶುರುವಾಯಿತು, ವರ್ಷಕ್ಕೆ ಎಷ್ಟು ಗುಂಟೆ ತಿಂದಿತು ಅಂತ ಎಣಿಸುವ ಕೆಲಸ ನಡೆದಿದೆ. ಮುಗಿದ ಮೇಲೆ ಅದನ್ನೂ ಇಲ್ಲೇ ಹಾಕುತ್ತೇನೆ.